ಅನ್ಯರ ಗಿರಾಕಿ

ಕಳೆದ ವರ್ಷ ನಾವು ಮಾರುತಿ ಕಾರೊಂದನ್ನು, ಬೆಲೆ ತುಸು ಕಡಮೆಯೆಂದು, ಊರಿನ ಇನ್ನೊಂದು ಕೊನೆಯಲ್ಲಿ ಕೊಂಡೆವು. ಯಲಹಂಕದಲ್ಲಿ ನಮ್ಮ ಮನೆಗೆ ಸಮೀಪದ ಮಳಿಗೆಯವರು ಎರಡು ಸಲ ಬಂದು ವಿವರ ಹೇಳಿದ್ದರೂ ಅವರನ್ನು ಬಿಟ್ಟೆವು.

ಮೊನ್ನೆ ಗೃಹಿಣಿಯನ್ನು ಹೆಬ್ಬಾಳದ ವೈದ್ಯರಲ್ಲಿಗೆ ಕರೆದೊಯ್ಯಲು ಹೊರಟಾಗ ಚಕ್ರದಲ್ಲಿ ಕರ್ಕಶವಾದ ಶಬ್ದವೆದ್ದಿತು. ಬೇರೆ ದಾರಿಗಾಣದೆ ಆ ಸಮೀಪದ ಮಳಿಗೆಯವರ ಕಾರ್ಖಾನೆಯನ್ನೇ ಹೊಕ್ಕು, “ಇದು ನಿಮ್ಮಲ್ಲಿ ಕೊಂಡದ್ದಲ್ಲ” ಎಂದು ಸಂಕೋಚದಿಂದ ಮೊದಲೇ ಒಪ್ಪಿಕೊಂಡೆವು.

“ಎಲ್ಲಿಯದಾದರೇನು ಸಾರ್, ಬ್ರೇಕು ಹಿಡಿಯಬೇಕಷ್ಟೆ” ಎಂದು ಅಲ್ಲಿಯ ತರುಣನು ಚಕ್ರವನ್ನು ಬಿಚ್ಚಿ, ಬ್ರೇಕಿನ ತಟ್ಟೆಯ ಹಿಂದೆ ಸಿಕ್ಕಿಕೊಂಡಿದ್ದ ಸಣ್ಣ ಕಲ್ಲೊಂದನ್ನು ತೆಗೆದನು. ಬ್ರೇಕು ಸವೆದಿದೆಯೆಂದು ಹೇಳಿ ಹಣ ಕೇಳಿದ್ದರೆ ನಾವು ನಂಬಿ ಕೊಡುತ್ತಿದ್ದೆವು. ಆತನು ಒಂದು ಕಾಸನ್ನೂ ಮುಟ್ಟಲಿಲ್ಲ. ವೈದ್ಯರ ಭೇಟಿಯೂ ತಪ್ಪಲಿಲ್ಲ.

ವಾರಂಟಿಯು ಕಂಪೆನಿಯದು, ಮಾರಿದ ಅಂಗಡಿಯದಲ್ಲ. ಆ ಕಂಪೆನಿಯ ಅಧಿಕೃತ ಕಾರ್ಖಾನೆ ಯಾವುದಾದರೂ ಸಲ್ಲುವುದೆಂಬುದನ್ನು ವಾಚಕರು ಅರಿತಿರಲಿ. 2024ರ ಜುಲೈಯಲ್ಲಿ ಮಾರುತಿಯವರು ಹೊಸ ಕಾರುಗಳಿಗೆ ಅದನ್ನು 3 ವರ್ಷ ಅಥವಾ 1,00,000 ಕಿಲೋಮೀಟರು, ಯಾವುದು ಮೊದಲೋ ಅಲ್ಲಿಯವರೆಗೆ ಹೆಚ್ಚಿಸಿದರು. ಆದರೆ ಸೌಜನ್ಯವು ಯಾವ ವಾರಂಟಿಯಲ್ಲಿಯೂ ಬರೆದಿರುವುದಿಲ್ಲ.

ಹಿಂದೊಮ್ಮೆ ಬೇರೆ ಶಾಲೆಯ ಹುಡುಗನೊಬ್ಬನು ಸಂಧಿಯೊಂದನ್ನು ಬಿಡಿಸಿ ಹೇಳಬೇಕೆಂದು ಬಂದಾಗ, “ನಿನ್ನ ಮೇಷ್ಟರನ್ನು ಕೇಳು” ಎಂದು ಕಳುಹಿಸಿದವರು ನಾವು. ಅಂದು ಹಿಂದಿರುಗುವಾಗ ದಾರಿಯುದ್ದಕ್ಕೂ ಆ ಹುಡುಗನ ಮುಖವೇ ನೆನಪಾಗುತ್ತಿದ್ದಿತು.