ಮೊದಲ ದಿನದ ಜ್ವರ

ಕೋಲಾರ ಜಿಲ್ಲೆಯ ನಮ್ಮ ನಂಗಲಿ ಕಡೆ ಜ್ವರ ಬಂದವರು ರಜೆ ಹಾಕುವುದು ಮೂರನೆಯ ದಿನ. ಮೊದಲ ದಿನ ಒಂದು ಡೋಲೋ ಮಾತ್ರೆ ನುಂಗಿ ಕೆಲಸಕ್ಕೆ ಹೋಗುತ್ತಾರೆ. ಎರಡನೆಯ ದಿನ ಹೊತ್ತಿಗೊಂದರಂತೆ ನುಂಗಿ ಹೋಗುತ್ತಾರೆ. ಮೂರನೆಯ ದಿನ ಏಳಲಾಗದೆ ಗೋಡೆ ಕಡೆ ತಿರುಗಿ ಮಲಗಿದಾಗ ಮನೆಯವರು ಫೋನ್ ಮಾಡಿ, "ಇವತ್ತು ಬರೋಕಾಗಲ್ಲ ಸಾರ್" ಅನ್ನುತ್ತಾರೆ. ಟೊಮೆಟೊ ತೋಟಕ್ಕೆ ಕೂಲಿ ಹೋಗುವ ಹೆಂಗಸರು, ನರಸಾಪುರದ ಫ್ಯಾಕ್ಟರಿಗಳಿಗೆ ಹೋಗುವ ಹುಡುಗರು, ಹೆದ್ದಾರಿ ಪಕ್ಕ ಹೋಟೆಲು ಇಟ್ಟವರು, ನಮ್ಮಂಥ ಶಾಲೆಯವರು, ಎಲ್ಲರದೂ ಇದೇ ಲೆಕ್ಕ. ಈ ಲೆಕ್ಕ ತಲೆಕೆಳಗಾಗಿದೆ ಎಂದು ನನಗೆ ಬಲವಾಗಿ ಅನಿಸುತ್ತದೆ. ರಜೆ ಬೇಕಾದದ್ದು ಮೊದಲ ದಿನಕ್ಕೆ.

ನಾನು ಪಾಠ ಹೇಳುವ ಶಾಲೆ ನಂಗಲಿಯಿಂದ ಒಳಗೆ, ಆಂಧ್ರದ ಗಡಿಗೆ ಹತ್ತಿರದ ಹಳ್ಳಿಯಲ್ಲಿದೆ. ಮಕ್ಕಳು ಮನೆಯಲ್ಲಿ ತೆಲುಗು ಆಡಿ ಶಾಲೆಯಲ್ಲಿ ಕನ್ನಡ ಕಲಿಯುತ್ತಾರೆ. ಒಂದರಿಂದ ಮೂರನೇ ತರಗತಿವರೆಗೆ ನಲಿ-ಕಲಿ. ಮೂರೂ ತರಗತಿಯವರು ಒಂದೇ ಕೋಣೆಯಲ್ಲಿ ಗುಂಪು ಕಟ್ಟಿಕೊಂಡು ಕೂರುತ್ತಾರೆ, ಅವರ ನಡುವೆ ನೆಲದ ಮೇಲೆ ನಾನು. ಕಾರ್ಡು ಎತ್ತಿ ತೋರಿಸಿದರೆ ಸುತ್ತಲಿನ ತಲೆಗಳೆಲ್ಲ ನನ್ನ ಮುಖದ ಹತ್ತಿರ ಬಂದುಬಿಡುತ್ತವೆ. 'ಹಾಲು' ಅನ್ನಬೇಕಾದ ಕಡೆ 'ಆಲು' ಅನ್ನುವ ಮಗುವಿಗೆ ಹಕಾರ ತಿದ್ದಿಸಲು ನನಗೆ ಗೊತ್ತಿರುವ ಉಪಾಯ ಒಂದೇ: ಅದರ ಅಂಗೈಯನ್ನು ನನ್ನ ಬಾಯಿಯ ಮುಂದೆ ಹಿಡಿದು 'ಹ' ಎಂದು ಉಸಿರು ಬಿಡುವುದು. ಅಂಗೈಗೆ ಬಿಸಿಗಾಳಿ ತಾಗಿದ ಕೂಡಲೇ ಮಗು ನಗುತ್ತದೆ, ಆಮೇಲೆ ತನ್ನ ಅಂಗೈಗೆ ತಾನೇ ಊದಿಕೊಂಡು ನೋಡುತ್ತದೆ. ನೆಗಡಿ ಜ್ವರ ಇಟ್ಟುಕೊಂಡು ಈ ಪಾಠ ಮಾಡುವುದು ಹೇಗೆ? ಇನ್‌ಫ್ಲುಯೆಂಜಾ ತರಹದ ಜ್ವರ ಲಕ್ಷಣ ಕಾಣುವ ಒಂದು ದಿನ ಮೊದಲೇ ಹರಡತೊಡಗುತ್ತದೆ, ಹೆಚ್ಚು ಹರಡುವುದು ಮೊದಲ ಮೂರು ನಾಲ್ಕು ದಿನಗಳಲ್ಲಿ. ಅಂದರೆ ನಾವು ಮಾತ್ರೆ ನುಂಗಿ 'ಧೈರ್ಯ' ಮಾಡಿ ಹೋಗುವ ದಿನಗಳೇ ಪಕ್ಕದವರಿಗೆ ಅಂಟಿಸುವ ದಿನಗಳು. ಮೂರನೆಯ ದಿನದ ರಜೆ ನಮಗೆ ತಡ, ಊರಿಗೆ ಇನ್ನೂ ತಡ.

ಹಾಗಾದರೆ ಹೋಗಬೇಕೋ ಬೇಡವೋ ಎಂದು ಯಾವಾಗ ತೀರ್ಮಾನಿಸುವುದು? ಹಿಂದಿನ ರಾತ್ರಿಯೇ ಆಗಬೇಕು. ಬೆಳಗಿನ ಮನಸ್ಸನ್ನು ನಂಬಬಾರದು. ಬೆಳಿಗ್ಗೆ ಎದ್ದಾಗ ಸ್ನಾನದ ನೀರು, ತಿಂಡಿ, ಬಸ್ಸಿನ ಹೊತ್ತು ಎಲ್ಲವೂ ಹೊರಡಿಸುವ ಕಡೆಗೇ ತಳ್ಳುತ್ತವೆ. ರಾತ್ರಿ ಎಂಟಕ್ಕೆ ಮೈ ಸುಡುತ್ತಿದ್ದರೆ, ಕೀಲು ನೋವಿದ್ದರೆ, ಆಗಲೇ ಹೆಡ್‌ಮಾಸ್ಟರಿಗೆ ಫೋನ್ ಮಾಡುತ್ತೇನೆ. ಎಂಟಕ್ಕೆ ಹೇಳಿದರೆ ಅವರು ತರಗತಿ ಹೊಂದಿಸಬಹುದು, ಇಲ್ಲವೇ ಸುತ್ತಲ ಶಾಲೆಗಳನ್ನು ನೋಡಿಕೊಳ್ಳುವ ಕ್ಲಸ್ಟರಿನ ಸಿಆರ್‌ಪಿಗೆ ತಿಳಿಸಿ ಪಕ್ಕದ ಶಾಲೆಯಿಂದ ಒಬ್ಬರನ್ನು ಕೇಳಬಹುದು. ಬೆಳಿಗ್ಗೆ ಒಂಬತ್ತಕ್ಕೆ ಹೇಳಿದರೆ ಅವರ ಮುಂದೆ ಶಾಲೆಯ ಐದೂ ತರಗತಿ ಕೂತಿರುತ್ತವೆ, ಬಿಸಿಯೂಟದ ಲೆಕ್ಕ ಬೇರೆ. ಶಾಲೆ ತಲುಪುವುದಕ್ಕೇ ಮಾತ್ರೆ ಬೇಕು ಅನ್ನುವ ಸ್ಥಿತಿ ಇದ್ದರೆ ಶಾಲೆಗೆ ಹೋಗುವ ಸ್ಥಿತಿ ಇಲ್ಲ ಎಂದೇ ಅರ್ಥ. ಪ್ಯಾರಾಸಿಟಮಾಲ್ ಕಾವು ಇಳಿಸುತ್ತದೆ, ಕಾಯಿಲೆ ಒಳಗೆ ತನ್ನ ಪಾಡಿಗೆ ತಾನು ನಡೆಯುತ್ತಲೇ ಇರುತ್ತದೆ.

ನಾವು ಸರ್ಕಾರಿ ನೌಕರರು ಈ ಮಾತು ಆಡುವಾಗ ಒಂದನ್ನು ಮರೆಯಬಾರದು. ನಮಗೆ ರಜೆ ಇದೆ. ಸಿಎಲ್ (ಸಾಂದರ್ಭಿಕ ರಜೆ) ಇದೆ. ಸೇವಾ ನಿಯಮದಲ್ಲಿ ವರ್ಷಕ್ಕೆ 20 ದಿನ ಅರ್ಧ ವೇತನ ರಜೆ ಜಮೆಯಾಗುತ್ತದೆ. ವೈದ್ಯರ ಸರ್ಟಿಫಿಕೇಟು ಕೊಟ್ಟರೆ ಅಂಥ ಎರಡು ದಿನ ಸೇರಿಸಿ ಪೂರ್ತಿ ಸಂಬಳದ ಒಂದು ದಿನ ಮಾಡಿಕೊಳ್ಳಬಹುದು. ಆದರೂ ಸಿಎಲ್ ಅನ್ನು ನಾವು ಕೂಡಿಡುವುದು ಮದುವೆಗೆ, ಜಾತ್ರೆಗೆ, ಮಗಳ ಕಾಲೇಜು ಸೀಟಿನ ಓಡಾಟಕ್ಕೆ. ಜ್ವರಕ್ಕೆ ಖರ್ಚು ಮಾಡಿದರೆ ದಂಡ ಎನ್ನುವ ಭಾವನೆ. ಅದೇ ಶಾಲೆಯ ಅತಿಥಿ ಶಿಕ್ಷಕಿ ಬಾರದಿದ್ದರೆ ಆ ದಿನದ ಗೌರವಧನವೇ ಇಲ್ಲ. ಅವರು ಜ್ವರದಲ್ಲೂ ಬರುವುದನ್ನು ಕಂಡು 'ಎಷ್ಟು ನಿಷ್ಠೆ' ಎಂದು ಹೊಗಳುವವರ ಮಾತು ನನಗೆ ಹಿಡಿಸುವುದಿಲ್ಲ. ಅವರು ಬರುವುದು ಬಾಡಿಗೆ ಕಟ್ಟಬೇಕಲ್ಲ ಎಂದು.

ಜ್ವರ ಬಿಟ್ಟು ಬೇರೆ ನೋವಿಗೂ ಈ ಮಾತು ಸಲ್ಲುತ್ತದೆ. 2025ರ ಅಕ್ಟೋಬರಿನಲ್ಲಿ ರಾಜ್ಯ ಸಚಿವ ಸಂಪುಟ, ದುಡಿಯುವ ಹೆಂಗಸರಿಗೆ ತಿಂಗಳಿಗೊಂದು ದಿನದಂತೆ ವರ್ಷಕ್ಕೆ 12 ದಿನ ಸಂಬಳಸಹಿತ ಮುಟ್ಟಿನ ರಜೆ ಕೊಡುವ ನೀತಿಗೆ ಒಪ್ಪಿಗೆ ಕೊಟ್ಟಿತು. ಹೊಟ್ಟೆ ಹಿಡಿದುಕೊಂಡು ಬೋರ್ಡಿನ ಮುಂದೆ ನಿಂತವರಿಗೆ ಅದರ ಬೆಲೆ ಗೊತ್ತು. ಇನ್ನು ಮುಂದೆ ಆಗಬೇಕಾದ್ದು, ಆ ರಜೆಯನ್ನು ಬಾಯಿಬಿಟ್ಟು ಕೇಳುವ ರೂಢಿ.

ನನ್ನ ತಮ್ಮನ ಕತೆ ಬೇರೆ. ಅವನು ನರಸಾಪುರದ ಒಂದು ಫ್ಯಾಕ್ಟರಿಯಲ್ಲಿ ಕಾಂಟ್ರ್ಯಾಕ್ಟ್ ಮೇಲೆ ಇದ್ದಾನೆ. ನಂಗಲಿಯಿಂದ ಅಲ್ಲಿಗೆ ಸುಮಾರು 60 ಕಿಲೋಮೀಟರು. ಮೊದಲ ಶಿಫ್ಟ್ ಇದ್ದ ವಾರ ಬೆಳಗಿನ ಜಾವ ನಾಲ್ಕಕ್ಕೆಲ್ಲ ಹೆದ್ದಾರಿಯಲ್ಲಿ ಕಂಪನಿ ಬಸ್ಸು ನಿಲ್ಲುತ್ತದೆ, ಮುಳಬಾಗಿಲು, ಕೋಲಾರ ದಾಟುವಷ್ಟರಲ್ಲಿ ಅರ್ಧ ಬಸ್ಸು ನಿದ್ದೆಯಲ್ಲಿರುತ್ತದೆ. ಒಂದು ದಿನ ತಪ್ಪಿದರೆ ಆ ದಿನದ ಸಂಬಳವೂ ಹೋಯಿತು, ತಿಂಗಳ ಕೊನೆಗೆ ಬರುವ ಅಟೆಂಡೆನ್ಸ್ ಬೋನಸ್ಸೂ ಹೋಯಿತು. ಜ್ವರ ಬಂದ ರಾತ್ರಿ ಅವನು ನೋಡುವುದು ಥರ್ಮಾಮೀಟರನ್ನಲ್ಲ, ಕ್ಯಾಲೆಂಡರನ್ನು. ತಿಂಗಳ ಐದನೇ ತಾರೀಕಿನ ಜ್ವರಕ್ಕೂ ಇಪ್ಪತ್ತೆಂಟನೇ ತಾರೀಕಿನ ಜ್ವರಕ್ಕೂ ಅವನಿಗೆ ಬಹಳ ವ್ಯತ್ಯಾಸ. "ಇಪ್ಪತ್ತೆಂಟು ದಿನ ಹೋಗಿ ಕೊನೇಲಿ ಬಿಡೋಕಾಗುತ್ತಾ ಅಕ್ಕಾ?" ಅನ್ನುತ್ತಾನೆ.

ಇಎಸ್‌ಐ (ನೌಕರರ ರಾಜ್ಯ ವಿಮೆ) ಇದೆಯಲ್ಲ ಎಂದು ನಾನು ಕೇಳಿದ್ದುಂಟು. ಇದೆ. ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವ ಕಾರ್ಮಿಕರು ಅದರೊಳಗೆ ಬರುತ್ತಾರೆ. 2019ರ ಜುಲೈಯಿಂದ ಕಾರ್ಮಿಕನ ಪಾಲು ಶೇ. 0.75, ಮಾಲೀಕರ ಪಾಲು ಶೇ. 3.25. ಆರು ತಿಂಗಳ ಕಂತಿನ ಅವಧಿಯಲ್ಲಿ 78 ದಿನದ ವಂತಿಗೆ ಬಿದ್ದಿದ್ದರೆ, ಕಾಯಿಲೆ ಬಿದ್ದಾಗ ವರ್ಷಕ್ಕೆ 91 ದಿನದವರೆಗೆ ಸರಾಸರಿ ದಿನಗೂಲಿಯ ಶೇ. 70ರಷ್ಟು ಸಿಗುತ್ತದೆ. ದೊಡ್ಡ ಕಾಯಿಲೆ ಬಿದ್ದ ಮನೆಗಳನ್ನು ಈ ಯೋಜನೆ ಎತ್ತಿ ನಿಲ್ಲಿಸಿದ್ದನ್ನು ನಮ್ಮೂರಿನಲ್ಲೇ ಕಂಡಿದ್ದೇನೆ, ಅದನ್ನು ಹಗುರವಾಗಿ ಕಾಣುವುದಿಲ್ಲ. ಆದರೆ ಅದರಲ್ಲೊಂದು ನಿಯಮವಿದೆ: ಕಾಯಿಲೆಯ ಮೊದಲ ಎರಡು ದಿನಕ್ಕೆ ಹಣ ಇಲ್ಲ. ಹದಿನೈದು ದಿನದೊಳಗೆ ಮತ್ತೆ ಕಾಯಿಲೆ ಮರುಕಳಿಸಿದರೆ ಮಾತ್ರ ಆ ಎರಡು ದಿನದ ಕಾಯುವಿಕೆ ಇರುವುದಿಲ್ಲ. ಸರ್ಟಿಫಿಕೇಟು ಬೇಕೆಂದರೆ ಇಎಸ್‌ಐ ವೈದ್ಯರಿರುವ ಊರಿಗೆ ಹೋಗಬೇಕು, ಜ್ವರದ ಮೈಯಲ್ಲಿ ಬಸ್ಸು ಹತ್ತಬೇಕು. ಎರಡು ದಿನದ ನೆಗಡಿ ಜ್ವರಕ್ಕೆ ಇಷ್ಟೆಲ್ಲ ಯಾರು ಮಾಡುತ್ತಾರೆ? ನಮ್ಮ ಜನ ಮೂರನೆಯ ದಿನ ರಜೆ ಹಾಕುವುದನ್ನು ಬರೀ ಅಭ್ಯಾಸ ಎಂದು ನಾನು ಅಂದುಕೊಂಡಿಲ್ಲ. ಕಾನೂನಿನ ಲೆಕ್ಕವೂ ಮೂರನೆಯ ದಿನದಿಂದಲೇ ಶುರುವಾಗುತ್ತದೆ. ಸುಳ್ಳು ಕಾಯಿಲೆ ಹೇಳುವವರನ್ನು ತಡೆಯಲು ಈ ಎರಡು ದಿನ ಇಟ್ಟಿರಬಹುದು ಎನ್ನುವವರಿದ್ದಾರೆ. ಒಬ್ಬನ ಸುಳ್ಳು ತಡೆಯಲು ಹೋಗಿ ಇಡೀ ಬಸ್ಸಿಗೆ ಜ್ವರ ಹತ್ತಿಸಿದರೆ ಯಾರಿಗೆ ಲಾಭ? ಆ ಎರಡು ದಿನಕ್ಕೇ ಮೊದಲು ಹಣ ಕೊಡಬೇಕು.

ಡೆಂಗ್ಯೂ ವಿಷಯದಲ್ಲಿ ಈ ಲೆಕ್ಕ ಇನ್ನೊಂದು ರೀತಿ ಕೈಕೊಡುತ್ತದೆ. 2024ರ ಸೆಪ್ಟೆಂಬರಿನಲ್ಲಿ ರಾಜ್ಯ ಸರ್ಕಾರ ಡೆಂಗ್ಯೂವನ್ನು ಸಾಂಕ್ರಾಮಿಕ ರೋಗವೆಂದು ಘೋಷಿಸಿದ್ದು ನೆನಪಿರಬಹುದು. ಡೆಂಗ್ಯೂ ಬಂದವರಿಗೆ ಮೂರರಿಂದ ಏಳನೆಯ ದಿನದ ಒಳಗೆ ಜ್ವರ ಇಳಿಯುತ್ತದೆ. ಇಳಿದದ್ದೇ ತಡ, 'ಬಿಟ್ಟಿತು' ಎಂದು ಡ್ಯೂಟಿಗೆ ಹೊರಡುತ್ತಾರೆ. ಆದರೆ ಅಪಾಯದ ಹೊತ್ತು ಶುರುವಾಗುವುದೇ ಆಗ. ಜ್ವರ ಇಳಿದ ಮುಂದಿನ ಒಂದೆರಡು ದಿನ ಹೊಟ್ಟೆನೋವು, ನಿಲ್ಲದ ವಾಂತಿ, ವಸಡಿನಲ್ಲಿ ರಕ್ತ, ವಿಪರೀತ ಸುಸ್ತು ಕಂಡರೆ ಆಸ್ಪತ್ರೆಗೆ ಓಡಬೇಕು. ಮೈ ತಣ್ಣಗಾದ ದಿನವೇ ಶಿಫ್ಟಿಗೆ ಹೋದವನನ್ನು ಆ ಹೊತ್ತಿನಲ್ಲಿ ನೋಡಿಕೊಳ್ಳುವವರು ಯಾರು? ಆ ದಿನಗಳಿಗೂ ರಜೆ ಬೇಕು ಎಂದು ಮೇಲ್ವಿಚಾರಕರಿಗೆ ಅರ್ಥ ಮಾಡಿಸುವುದು ಕಷ್ಟ. ಅವರ ಕಣ್ಣಿಗೆ ಜ್ವರ ಇಲ್ಲದವನು ಗಟ್ಟಿಮುಟ್ಟಾದವನು.

ಇಷ್ಟು ಬರೆಯುವಾಗಲೆಲ್ಲ ನನ್ನ ಕಣ್ಣ ಮುಂದೆ ಇರುವುದು ಅಮ್ಮನ ಹುಳುಮನೆ. ನಮ್ಮದು ರೇಷ್ಮೆ ಸಾಕುವ ಮನೆ. ಹುಳು ಪೊರೆ ಬಿಡುವುದಕ್ಕೂ ನಾವು ಜ್ವರ ಎಂದೇ ಅನ್ನುತ್ತೇವೆ. ಮರಿಹುಳು ಸಾಕಿ ಕೊಡುವ ಚಾಕಿ ಕೇಂದ್ರದಿಂದ ಎರಡನೇ ಜ್ವರ ಎದ್ದ ಹುಳು ತರುತ್ತೇವೆ, ಮೂರನೆಯದೂ ನಾಲ್ಕನೆಯದೂ ಮನೆಯಲ್ಲೇ. ಪೊರೆ ಬಿಡುವ ಆ ಹೊತ್ತಿಗೆ ಹುಳು ಸೊಪ್ಪು ಬಿಡುತ್ತದೆ, ತಲೆ ಮೇಲೆತ್ತಿ ಅಲ್ಲಾಡದೆ ಕೂರುತ್ತದೆ. ಅಮ್ಮ ತಟ್ಟೆಯ ಮೇಲೆ ಬಗ್ಗಿ ನೋಡುತ್ತಾಳೆ. ಹತ್ತರಲ್ಲಿ ನಾಲ್ಕೈದು ಕೂತಿವೆ ಅನ್ನುವಾಗಲೇ ಸೊಪ್ಪು ತೆಳುವಾಗಿ ಕತ್ತರಿಸಿ ಹಾಕುತ್ತಾಳೆ, ಎಲ್ಲ ಕೂತ ಮೇಲೆ ನಿಲ್ಲಿಸಿಯೇ ಬಿಡುತ್ತಾಳೆ. ಹಾಸಿಗೆ ಒಣಗಲಿ ಎಂದು ಸುಣ್ಣದ ಪುಡಿ ಉದುರಿಸುತ್ತಾಳೆ, ಕಿಟಕಿ ತೆರೆಯುತ್ತಾಳೆ. ನಾಲ್ಕನೇ ಜ್ವರ ಒಂದು ಹಗಲು ಒಂದು ರಾತ್ರಿ ಹಿಡಿಯುತ್ತದೆ, ಕೆಲವೊಮ್ಮೆ ಇನ್ನೂ ಹೆಚ್ಚು. ಆಗ ಹುಳುಮನೆಯಲ್ಲಿ ಗಟ್ಟಿಯಾಗಿ ಮಾತಾಡುವ ಹಾಗಿಲ್ಲ, ತಟ್ಟೆ ಅಲುಗಿಸುವ ಹಾಗಿಲ್ಲ. ಮೊದಲು ಎದ್ದ ನಾಲ್ಕು ಹುಳು ಹಸಿದು ತಲೆ ಆಡಿಸುತ್ತಿವೆ ಎಂದು ಸೊಪ್ಪು ಹಾಕಿದರೆ ಕೆಲಸ ಕೆಟ್ಟಿತು, ಹುಳು ಒಂದೊಂದು ಒಂದೊಂದು ಅಳತೆಗೆ ಬೆಳೆಯುತ್ತವೆ, ಗೂಡೂ ಹಾಗೇ. ನೂರಕ್ಕೆ ತೊಂಬತ್ತೈದು ಎದ್ದ ಮೇಲೆ ರೋಗ ತಡೆಯುವ ವಿಜೇತ ಪುಡಿ ಉದುರಿಸಿ, ಅರ್ಧ ಗಂಟೆ ಬಿಟ್ಟು ಮೊದಲ ಸೊಪ್ಪು. ಹುಳುವಿನ ಮೈ ಸೂಚನೆ ಕೊಟ್ಟ ಮೊದಲ ಹೊತ್ತಿನಲ್ಲೇ ಬಿಡುವು, ಕೊನೆಯ ಹುಳು ಏಳುವವರೆಗೂ ತಾಳ್ಮೆ. ಇಷ್ಟು ಬಲ್ಲ ನನ್ನಮ್ಮ ತನಗೆ ಜ್ವರ ಬಂದರೆ ಸೆರಗು ಬಿಗಿದುಕೊಂಡು ಸೊಪ್ಪು ಕತ್ತರಿಸಲು ಕೂರುತ್ತಾಳೆ.

ಅವಳಿಗೆ ಬೇರೆ ದಾರಿ ಇಲ್ಲ ಎನ್ನುವುದೂ ನಿಜ. ನಾಲ್ಕನೇ ಜ್ವರ ಎದ್ದ ಮೇಲಿನ ವಾರದಲ್ಲಿ ಹುಳು ತನ್ನ ಆಯುಸ್ಸಿನ ಬಹುಪಾಲು ಸೊಪ್ಪನ್ನು ತಿಂದುಬಿಡುತ್ತದೆ. ಹೊತ್ತು ತಪ್ಪಿದರೆ ಬೆಳೆ ಹೋಯಿತು. ಕೊಟ್ಟಿಗೆಯ ಹಸುವಿನ ಹಾಲನ್ನೂ ಬೆಳಿಗ್ಗೆ ಸಂಜೆ ಕರೆಯಲೇಬೇಕು, ಡೇರಿಯ ಕ್ಯಾನು ಯಾರ ಜ್ವರಕ್ಕೂ ಕಾಯದು. ಇಂಥ ಕೆಲಸಕ್ಕೆ ನಮ್ಮ ಹಳ್ಳಿಗಳಲ್ಲಿ ಇದ್ದ ರಜೆಯೆಂದರೆ ಮುಯ್ಯಿ. ಹಣ್ಣಾದ ಹುಳವನ್ನು ಗೂಡು ಕಟ್ಟಲು ಚಂದ್ರಿಕೆಗೆ ಹಾಕುವ ದಿನ ಮನೆಯಾಕೆ ಮಲಗಿದ್ದರೆ ಪಕ್ಕದ ಮೂರು ಮನೆಯ ಹೆಂಗಸರು ಕರೆಯದೆಯೂ ಬರುತ್ತಿದ್ದರು, ಅವರ ಮನೆಯ ಹುಳಕ್ಕೆ ಈಕೆ ಹೋಗುತ್ತಿದ್ದಳು. ಯಾರೂ ಬರೆದಿಡುತ್ತಿರಲಿಲ್ಲ, ಯಾರೂ ಮರೆಯುತ್ತಲೂ ಇರಲಿಲ್ಲ. ಈಗ ಆ ಮೂರು ಮನೆಯಲ್ಲಿ ಎರಡರವರು ಬೆಳಗಿನ ಜಾವದ ಬಸ್ಸಿಗೆ ಹೋಗುತ್ತಾರೆ. ಮುಯ್ಯಿಗೆ ಆಳಿಲ್ಲ. ಫ್ಯಾಕ್ಟರಿ ಸಂಬಳ ಬಂದದ್ದು ಒಳ್ಳೆಯದೇ, ಆದರೆ ಹಳೆಯ ಆಸರೆ ಹೋದಷ್ಟು ಬೇಗ ಹೊಸ ಆಸರೆ ಬಂದಿಲ್ಲ.

ಈ ಕೊರತೆ ಎಲ್ಲಿ ಬಂದು ಬೀಳುತ್ತದೆ ಎಂದರೆ ನನ್ನ ತರಗತಿಯಲ್ಲಿ. ಟೊಮೆಟೊ ಕೀಳುವ ದಿನಗಳಲ್ಲಿ ತಾಯಂದಿರು ಬೆಳಕು ಹರಿಯುವ ಮೊದಲೇ ತೋಟಕ್ಕೆ ಹೊರಡುತ್ತಾರೆ. ಹಣ್ಣು ವಡ್ಡಹಳ್ಳಿ ಮಾರುಕಟ್ಟೆಗೆ ಹೊತ್ತಿಗೆ ಮುಟ್ಟಬೇಕು. ಮಗುವಿಗೆ ಜ್ವರ ಇದ್ದರೆ ಏಳಕ್ಕೆ ಸಿರಪ್ ಕುಡಿಸಿ, ತಲೆ ಬಾಚಿ, ಶಾಲೆಗೆ ಕಳಿಸುವಂತೆ ಅಜ್ಜಿಗೋ ಅಕ್ಕನಿಗೋ ಹೇಳಿ ಹೋಗುತ್ತಾರೆ. ಮಗು ಪ್ರಾರ್ಥನೆಯಲ್ಲಿ ಚೆನ್ನಾಗಿಯೇ ನಿಂತಿರುತ್ತದೆ. ಶಾಲೆಯಲ್ಲಿ ಕೊಡುವ ಹಾಲಿನ ಲೋಟವನ್ನು ಮುಟ್ಟದೆ ಪಕ್ಕದವನ ಕಡೆ ಸರಿಸಿದಾಗ ನನಗೆ ಅನುಮಾನ. ಹನ್ನೊಂದಕ್ಕೆ ಸಿರಪ್ಪಿನ ಬಲ ಇಳಿಯುತ್ತದೆ. ಕಣ್ಣು ಕೆಂಪಗೆ, ತುಟಿ ಒಣಗಿ, ಕತ್ತು ಮುಟ್ಟಿದರೆ ಒಲೆ ಪಕ್ಕದ ಪಾತ್ರೆಯಷ್ಟು ಬಿಸಿ. ಆಫೀಸಿನ ಕೋಣೆಯಲ್ಲಿ ಚಾಪೆ ಹಾಸಿ ಮಲಗಿಸಿ, ಒದ್ದೆ ಬಟ್ಟೆ ಹಾಕಿ, ತಾಯಿಗೆ ಫೋನ್ ಮಾಡಿದರೆ ತೋಟದಲ್ಲಿ ರಿಂಗಾಗುತ್ತದೆ, ಎತ್ತುವುದಿಲ್ಲ. ಔಷಧಿ ಕೊಡದೆಯೇ ಇಪ್ಪತ್ತನಾಲ್ಕು ಗಂಟೆ ಜ್ವರ ಬಾರದಿದ್ದರೆ ಮಾತ್ರ ಕಳಿಸಿ ಎಂದು ಪೋಷಕರ ಸಭೆಯಲ್ಲಿ ಹೇಳಿದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬಾಕೆ ಎದ್ದು, "ನೀವು ಹೇಳೋದು ಸರಿ ಮಿಸ್. ಮಗು ಮನೇಲಿದ್ರೆ ನಾನೂ ಮನೇಲಿರಬೇಕು. ನನ್ ಕೂಲಿ ಯಾರು ಕೊಡ್ತಾರೆ?" ಎಂದಳು. ಕೋಪದಿಂದ ಕೇಳಿದ್ದಲ್ಲ.

ಮಗುವಿನ ರಜೆ ತಾಯಿಯ ರಜೆಯೂ ಹೌದು ಎನ್ನುವುದನ್ನು ಅವಳಷ್ಟು ಸ್ಪಷ್ಟವಾಗಿ ಯಾವ ಸುತ್ತೋಲೆಯೂ ನನಗೆ ಹೇಳಿರಲಿಲ್ಲ. ಅವತ್ತೇ ಶಾಲಾಭಿವೃದ್ಧಿ ಸಮಿತಿಯಾದ ಎಸ್‌ಡಿಎಂಸಿಯವರು ಕೂತು ಮಾತಾಡಿದೆವು. ಕೂಲಿಗೆ ಹೋಗಲಾಗದ ಇಬ್ಬರು ಅಜ್ಜಿಯರು, ಶಾಲೆಯ ಹಿಂದಿನ ಬೀದಿಯವರು, ಜ್ವರದ ಮಕ್ಕಳನ್ನು ತಮ್ಮ ಜಗುಲಿಯಲ್ಲಿ ನೋಡಿಕೊಳ್ಳಲು ಒಪ್ಪಿದ್ದಾರೆ. ಅವರಲ್ಲೊಬ್ಬರು, "ಒಂದು ಸಲಕ್ಕೆ ಎರಡು ಮಕ್ಕಳು, ಅಷ್ಟೇ ಕಣಮ್ಮಾ, ಅದಕ್ಕಿಂತ ಆಗಲ್ಲ" ಎಂದು ಮೊದಲೇ ಹೇಳಿದ್ದಾರೆ. ಆಶಾ ಕಾರ್ಯಕರ್ತೆ ಮಧ್ಯಾಹ್ನ ಬಂದು ನೋಡಿ ಹೋಗುತ್ತೇನೆ ಎಂದಿದ್ದಾರೆ. ತೀರಾ ಚಿಕ್ಕ ಮಗುವಾದರೆ, ಜ್ವರ ಜೋರಾದರೆ ತಾಯಿಯೇ ಇರಬೇಕಾಗುತ್ತದೆ. ಆ ದಿನದ ಕೂಲಿಯನ್ನು ತೋಟದವರಿಂದ ಅರ್ಧವಾದರೂ ಕೇಳಬೇಕು ಎಂದು ಕೆಲವರು, ಪಂಚಾಯಿತಿಯಿಂದ ಕೇಳಬೇಕು ಎಂದು ಕೆಲವರು. ಮುಂದಿನ ಸಭೆಗೆ ಇಬ್ಬರು ತೋಟದ ಮಾಲೀಕರನ್ನೂ ಪಂಚಾಯಿತಿ ಸದಸ್ಯರನ್ನೂ ಕರೆದಿದ್ದೇವೆ.