ಹತ್ತು ಹೆಜ್ಜೆಯ ಊರು

"ಇದನ್ನೂ ಮರ ಅಂತಾರನೇ?" ಎಂದರು ಅಪ್ಪಯ್ಯ.

ತಪ್ಪು ಅವರದಲ್ಲ. ವರ್ಷಕ್ಕೆ 7,000 ಮಿಲಿಮೀಟರ್ ಮಳೆ ಸುರಿಯುವ ಆಗುಂಬೆಯ ಸೀಮೆಯಲ್ಲಿ ಅಡಿಕೆ ತೋಟ ಮಾಡಿಕೊಂಡು ಬಂದವರು. ಮರ ನೋಡುವುದೆಂದರೆ ಅವರಿಗೆ ಕತ್ತೆತ್ತಿ ತಲೆಯ ಮೇಲಿನ ಟೋಪಿ ಬೀಳಿಸಿಕೊಳ್ಳುವುದು. ಇಲ್ಲಿ, ಅಮೆರಿಕದ ಯೂಟಾ ರಾಜ್ಯದ ಮೋಆಬ್ ಊರಿನ ಮೇಲಿರುವ ಈ ಕೆಂಪು ಬಂಡೆಯ ಬಯಲಿನಲ್ಲಿ, ಮಳೆ ಹಿಮ ಎಲ್ಲ ಸೇರಿಸಿದರೂ ವರ್ಷದ ಲೆಕ್ಕ ನಮ್ಮೂರ ಆಷಾಢದ ಒಂದೆರಡು ದಿನದ ಜಡಿಮಳೆಗೆ ಸಮ.

ಅವರ ಎದುರಿಗಿದ್ದದ್ದು ಯೂಟಾ ಜೂನಿಪರ್. ಎತ್ತರ ಹದಿನೈದು ಅಡಿ ಇದ್ದೀತು. ಬುಡ ಹಿಂಡಿಟ್ಟ ಒದ್ದೆ ಪಂಚೆಯ ಹಾಗೆ ತಿರುಚಿಕೊಂಡಿತ್ತು. ತೊಗಟೆ ತೆಂಗಿನ ನಾರಿನಂತೆ ಉದ್ದುದ್ದಕ್ಕೆ ಸುಲಿದು ಬರುತ್ತಿತ್ತು. ಅರ್ಧ ಮರ ಸತ್ತು ಬೂದಿಬಣ್ಣಕ್ಕೆ ತಿರುಗಿದೆ, ಉಳಿದರ್ಧ ಹಸಿರಾಗಿ ಕಾಯಿ ಬಿಟ್ಟಿದೆ. ಬರ ಬಂದರೆ ಈ ಮರ ಕೆಲವು ಕೊಂಬೆಗಳಿಗೆ ನೀರು ನಿಲ್ಲಿಸಿ ಮಿಕ್ಕವನ್ನು ಬದುಕಿಸಿಕೊಳ್ಳುತ್ತದೆ ಎಂದು ವಿವರಿಸಿದೆ. ಅಪ್ಪಯ್ಯ ಸ್ವಲ್ಪ ಹೊತ್ತು ನೋಡಿ, "ಹಿಸೆಯಾದ ಮನೆ ಇದ್ದ ಹಾಗಿದೆ" ಎಂದರು.

ನನ್ನ ಹವ್ಯಾಸವನ್ನು ಮನೆಯಲ್ಲಿ 'ಮರಗಳ ಜನಗಣತಿ' ಎಂದು ಆಡಿಕೊಳ್ಳುತ್ತಾರೆ. ಒಂದು ಜೂನಿಪರನ್ನು ಆರಿಸಿಕೊಂಡು, ಅದರ ಬುಡದಿಂದ ಸುತ್ತಲೂ ಹತ್ತು ಹೆಜ್ಜೆಯೊಳಗೆ ಬೇರೂರಿದವರ ಹೆಸರನ್ನೆಲ್ಲ ಲಾಂಗ್ ಬುಕ್ಕಿನಲ್ಲಿ ಬರೆದುಕೊಳ್ಳುವುದು, ಇಷ್ಟೇ. ಹೆಜ್ಜೆ ಹಾಕುವುದು ಬಂಡೆ ಇದ್ದ ಕಡೆ ಮಾತ್ರ, ಉಳಿದದ್ದು ಕಣ್ಣಳತೆ. ಏಕೆಂದರೆ ಇಲ್ಲಿನ ಮಣ್ಣಿಗೆ ಜೀವವಿದೆ. ಸುಟ್ಟ ದೋಸೆಯ ಅಂಚಿನಂತೆ ಕಪ್ಪಗೆ ಉಬ್ಬಿಕೊಂಡಿರುವ ಆ ಹೆಪ್ಪು ನೀಲಿಹಸಿರು ಪಾಚಿ, ಕಲ್ಲುಹೂವು, ಹಾವಸೆಗಳು ಸೇರಿ ಕಟ್ಟಿದ್ದು. ಗಾಳಿಗೆ ಮಣ್ಣು ಹಾರದಂತೆ ಹಿಡಿದಿಡುವುದು ಅದೇ. ಒಂದು ಹೆಜ್ಜೆಗುರುತು ಮಾಯಲು ಹತ್ತಾರು ವರ್ಷ ಬೇಕು. ಮೊದಲ ವರ್ಷ ನಾನೂ ತುಳಿದಿದ್ದೇನೆ. ಆ ಗುರುತು ಈಗಲೂ ಇದೆ, ಪ್ರತಿಸಲ ನೋಡಿ ನಾಚಿಕೊಂಡು ಬರುತ್ತೇನೆ.

ಹೀಗೆ ಪಟ್ಟಿ ಮಾಡುತ್ತ ಮಾಡುತ್ತ ತಿಳಿದದ್ದೆಂದರೆ, ಜೂನಿಪರ್ ಒಂಟಿಯಾಗಿ ಸಂಸಾರ ಮಾಡುವ ಮರವಲ್ಲ. ಇದರ ಜೊತೆಗಾರ ಪಿನ್ಯನ್ ಎಂಬ ಗಿಡ್ಡ ಪೈನ್ ಮರ, ಎರಡೆರಡು ಸೂಜಿಯೆಲೆಯದು. ಬೆಟ್ಟದ ಕೆಳಪಾಲಿನ ಒಣ ನೆಲದಲ್ಲಿ ಜೂನಿಪರಿನದೇ ಯಜಮಾನಿಕೆ. ಮೇಲೇರಿದಂತೆ ಪಿನ್ಯನ್ ಹೆಚ್ಚಾಗಿ, ಇನ್ನೂ ಮೇಲೆ ಎತ್ತರದ ಪಾಂಡೆರೋಸಾ ಪೈನ್ ಬಂದು ಇಬ್ಬರನ್ನೂ ಹಿಂದಕ್ಕೆ ತಳ್ಳುತ್ತದೆ. 2002-03ರ ಬರದಲ್ಲಿ ತೊಗಟೆ ಕೊರೆಯುವ ಹುಳು ಬಿದ್ದು ಈ ಸೀಮೆಯ ಪಿನ್ಯನ್‌ಗಳು ಲೆಕ್ಕವಿಲ್ಲದಷ್ಟು ಒಣಗಿದವು. ಜೂನಿಪರ್ ಹೆಚ್ಚಿನ ಕಡೆ ಉಳಿದುಕೊಂಡಿತು. ಮಿಕ್ಕ ಒಕ್ಕಲುಗಳು ಬ್ಲ್ಯಾಕ್‌ಬ್ರಷ್, ಎಲೆಯೇ ಇಲ್ಲದ ಕಡ್ಡಿಗಳ ಮಾರ್ಮನ್ ಟೀ, ಬೇಸಿಗೆಯ ಮೊದಲಿಗೆ ಮೈತುಂಬ ಹೂಬಿಡುವ ಕ್ಲಿಫ್‌ರೋಸ್, ಕತ್ತಿಯೆಲೆಯ ಯುಕ್ಕಾ.

ಈ ಹೆಸರುಗಳನ್ನು ಅಪ್ಪಯ್ಯನಿಗೆ ಓದಿ ಹೇಳಿದರೆ ಒಂದೂ ಕಿವಿಗೆ ಇಳಿಯಲಿಲ್ಲ. ಆದರೆ ಅವರು ತಾವಾಗಿಯೇ ನೆಂಟರನ್ನು ಹುಡುಕಿಕೊಂಡರು. ಆಳವಾದ ಮಣ್ಣಿದ್ದ ತಗ್ಗಿನಲ್ಲಿ ಬೆಳೆದಿದ್ದ ಬೂದುಹಸಿರಿನ ಸೇಜ್‌ಬ್ರಷ್ ಎಲೆ ಕಿತ್ತು, ತಿಕ್ಕಿ, ಮೂಸಿದವರೇ, "ಮಾಚಿಪತ್ರೆ ಕಣೇ! ಚೌತಿ ಪೂಜೆಗೆ ಇಡ್ತೀವಲ್ಲ!" ಎಂದರು. ನಿಜ, ಎರಡೂ ಒಂದೇ ಕುಲದವು. ವರ್ಷಗಟ್ಟಲೆ ಆ ಪೊದೆಯ ಪಕ್ಕ ಕೂತು ಬರೆದವಳಿಗೆ ಈ ವಾಸನೆ ಚೌತಿಯನ್ನು ನೆನಪಿಸಿರಲಿಲ್ಲ. ಜೂನಿಪರಿನ ಕೊಂಬೆಗೆ ಹಳದಿಹಸಿರು ಗೊಂಚಲಾಗಿ ಅಂಟಿಕೊಂಡಿದ್ದ ಪರಾವಲಂಬಿಯನ್ನು ಕಂಡು ಮಾತ್ರ ಅವರ ಮುಖ ಗಂಟಿಕ್ಕಿತು. "ಬಂದಳಿಕೆ. ಇಲ್ಲೂ ಬಿಟ್ಟಿಲ್ವಾ?" ಪಾಪಾಸುಕಳ್ಳಿಯನ್ನಂತೂ ನಮ್ಮ ಚಿತ್ರದುರ್ಗದ್ದು ಎಂದೇ ವಾದಿಸಿದರು. ಅದು ಈ ಖಂಡದಿಂದಲೇ ನಮ್ಮ ಕಡೆಗೆ ಬಂದದ್ದು ಎಂದೆ. ನಂಬಲಿಲ್ಲ.

ಬಂಡೆಯ ಪೊಟರೆಯೊಂದರಲ್ಲಿ ಇಲಿಯ ಗೂಡಿತ್ತು. ಪ್ಯಾಕ್‌ರ್‍ಯಾಟ್ ಎನ್ನುತ್ತಾರೆ. ಮನೆಯ ಆಸುಪಾಸಿನಲ್ಲಿ ಸಿಕ್ಕ ಕಡ್ಡಿ, ಕಾಯಿ, ಎಲೆ ಎಲ್ಲವನ್ನೂ ಹೊತ್ತು ತಂದು ಗುಡ್ಡೆ ಹಾಕುವುದು ಅದರ ಗುಣ. ಮೇಲೆ ಬಿದ್ದ ಉಚ್ಚೆ ಒಣಗಿ ಹರಳುಗಟ್ಟಿ ಕಾಕಂಬಿಯ ಅಚ್ಚಿನಂತಾಗುತ್ತದೆ. ಮಳೆ ತಾಗದ ಗುಹೆಗಳಲ್ಲಿ ಇಂಥ ಗುಡ್ಡೆಗಳು 40,000 ವರ್ಷ ಹಳೆಯವೂ ಸಿಕ್ಕಿವೆ. ವಿಜ್ಞಾನಿಗಳು ಅವನ್ನು ನೆನೆಸಿ, ಬಿಡಿಸಿ, ಒಂದೊಂದು ಕಡ್ಡಿಯ ವಯಸ್ಸನ್ನೂ ಲೆಕ್ಕ ಹಾಕುತ್ತಾರೆ. ಹಿಮಯುಗದಲ್ಲಿ ಗ್ರ್ಯಾಂಡ್ ಕ್ಯಾನ್ಯನ್‌ನ ಕೆಳಭಾಗದಲ್ಲೂ, ಇವತ್ತು ಬರೀ ಮರುಭೂಮಿಯ ಪೊದೆಗಳಿರುವಲ್ಲಿ, ಜೂನಿಪರ್ ಇತ್ತೆಂದು ತಿಳಿದದ್ದು ಹೀಗೆ. ನಾನು ಮಾಡುವ ಕೆಲಸವನ್ನೇ ನನಗಿಂತ ಅಚ್ಚುಕಟ್ಟಾಗಿ ಮಾಡಿಟ್ಟಿವೆ ಇಲಿಗಳು; ಕಾಗುಣಿತದ ತಪ್ಪೂ ಇಲ್ಲ.

ಸೂರ್ಯ ಇಳಿಯುವ ಹೊತ್ತಿಗೆ ಅಪ್ಪಯ್ಯ ಜೂನಿಪರಿನ ನೆರಳಿನ ಬಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತಿದ್ದರು. ಅಂಗೈಯಲ್ಲಿ ನಾಲ್ಕಾರು ಕಾಯಿಗಳು. ಮೇಲೆ ದ್ರಾಕ್ಷಿಯ ಮೇಲಿರುವಂಥ ಬಿಳಿಪುಡಿ, ಉಜ್ಜಿದರೆ ಒಳಗಿನ ಕಂದು. ಒಂದನ್ನು ಹಲ್ಲಲ್ಲಿ ಕಡಿದು ತುಪುಕ್ಕನೆ ಉಗಿದರು. ಇದರ ಲ್ಯಾಟಿನ್ ಹೆಸರಿನಲ್ಲಿರುವ 'ಆಸ್ಟಿಯೋಸ್ಪರ್ಮಾ' ಎಂದರೆ ಎಲುಬಿನಂಥ ಬೀಜದ್ದು ಎಂದು ಮೊದಲೇ ಹೇಳಬೇಕಿತ್ತು.

"ಇಲ್ಲಿ ನೋಡು" ಎಂದರು. ಉದುರಿದ ಜೂನಿಪರ್ ಎಲೆಗಳ ನಡುವೆ ಬೆರಳುದ್ದದ ಪಿನ್ಯನ್ ಸಸಿ. ಇನ್ನೊಂದು, ಮತ್ತೊಂದು. ಮೂರನ್ನೂ ನಾನು ಪಟ್ಟಿಯಲ್ಲಿ ಬರೆದಿದ್ದೆ: 'ಪಿನ್ಯನ್, ಸಣ್ಣವು, 3'. ನೀಲಿ ಪಿನ್ಯನ್ ಜೇ ಹಕ್ಕಿಗಳು ಚಳಿಗಾಲಕ್ಕೆಂದು ಬೀಜ ಹೂತಿಟ್ಟು ಮರೆಯುತ್ತವೆ, ಅವು ಮೊಳೆಯುತ್ತವೆ ಎಂದು ಪಾಠ ಶುರುಮಾಡಿದೆ.

"ಹಕ್ಕಿ ಎಲ್ಲಾ ಕಡೆ ಹೂತಿರತ್ತೆ ಮಾರಾಯ್ತಿ. ಬದುಕಿದ್ದು ಎಲ್ಲಿ ನೋಡು. ಮೂರೂ ಬುಡದ ಬಡಗಲಿಗೆ, ಮೂಡಲಿಗೆ. ನೈಋತ್ಯದ ಬಿಸಿಲು ಬೀಳೋ ಕಡೆ ಒಂದಾದ್ರೂ ಇದೆಯಾ? ಅಡಿಕೆ ಸಸಿಗೆ ನಾವು ಬಾಳೆ ನೆಡೋದು ಮತ್ಯಾಕೆ?"

ಪುಸ್ತಕ ಕೇಳಿ ಇಸಿದುಕೊಂಡು, ಜೇಬಿನ ಪೆನ್ನಿನಿಂದ ಪುಟದ ಬಲಕ್ಕೆ ಉದ್ದಕ್ಕೊಂದು ಗೆರೆ ಎಳೆದರು. ಅಡಿಕೆ ಮಂಡಿಯ ಲೆಕ್ಕ ಬರೆಯುವ ಅದೇ ಗುಂಡು ಅಕ್ಷರದಲ್ಲಿ ಮೇಲೆ 'ದಿಕ್ಕು' ಎಂದು ಬರೆದು, ಹಿಂದಿನ ಪುಟಗಳನ್ನೂ ತಿರುವಿ ಒಂದೊಂದರಲ್ಲೂ ಗೆರೆ ಎಳೆಯುತ್ತ ಕೂತರು. ಆ ಹಳೆಯ ಪುಟಗಳ ಮನೆಗಳು ಇನ್ನೂ ಖಾಲಿ ಇವೆ. ಆ ಮರಗಳ ಹತ್ತಿರ ಮತ್ತೊಮ್ಮೆ ಹೋಗಬೇಕು.