ಅಪ್ಪನ ಮೊಣಕಾಲು, ಬಾಲಿಯ ಜ್ವಾಲಾಮುಖಿ, ಒಂದು ಹಳೇ ಜೀಪು

ನಾನು ಟ್ರೆಕ್ಕಿಂಗ್ ಹುಚ್ಚಿನವನು. ಇದನ್ನ ಮೊದಲೇ ಒಪ್ಕೊಂಡು ಬಿಡ್ತೀನಿ. ಬೆಂಗಳೂರಿಗೆ ಬಂದು ಕೆಲಸಕ್ಕೆ ಸೇರಿದ ಮೇಲೆ ಕುಮಾರ ಪರ್ವತ, ತಡಿಯಂಡಮೋಳ್, ಕುದುರೆಮುಖ ಎಲ್ಲಾ ಆಗಿದೆ. ಮುಳ್ಳಯ್ಯನಗಿರಿಗೆ ಕಾರಲ್ಲಿ ಹೋಗಿಬಂದವರು ಸ್ಟೇಟಸ್ ಹಾಕಿದ್ರೆ ‘ಇದೂ ಒಂದು ಬೆಟ್ಟ ಹತ್ತೋದಾ’ ಅಂತ ನಗ್ತಿದ್ದೆ. ಅಂಥವನು ಕಳೆದ ಮೇ ತಿಂಗಳಲ್ಲಿ ಬಾಲಿಯ ಬಾತೂರ್ ಜ್ವಾಲಾಮುಖಿಯ ಸೂರ್ಯೋದಯವನ್ನ ಜೀಪಿನ ಬಾನೆಟ್ ಮೇಲೆ ಕೂತು ನೋಡಿ ಬಂದೆ. ಗೆಳೆಯರು ಇನ್ನೂ ಕಾಲೆಳೀತಾ ಇದ್ದಾರೆ. ಯಾಕೆ ಹಾಗೆ ಮಾಡಿದೆ ಅಂತ ಹೇಳಬೇಕಾದ್ರೆ ಮೊದಲು ಕೊಡಚಾದ್ರಿಯ ಕತೆ ಹೇಳ್ಬೇಕು.

ನಮ್ಮದು ಹಾನಗಲ್ ತಾಲ್ಲೂಕಿನ ಒಂದು ಹಳ್ಳಿ. ಅಪ್ಪ ರೈತ. ಭತ್ತ, ಗೋವಿನಜೋಳ, ನಾಲ್ಕು ಮಾವಿನ ಮರ. ನಲವತ್ತು ವರ್ಷ ಕೆಸರಲ್ಲಿ ನಿಂತ ಕಾಲು ಈಗ ಮಾತು ಕೇಳ್ತಿಲ್ಲ. ‘ನಡೀರಿ, ಆದ್ರೆ ಏರಬೇಡ್ರಿ, ಇಳೀಬೇಡ್ರಿ’ ಅಂತ ಡಾಕ್ಟರ್ ಹೇಳಿದ್ದಾರೆ.

ಮೂರು ವರ್ಷದ ಹಿಂದೆ ಅಪ್ಪ-ಅವ್ವನ್ನ ಕೊಲ್ಲೂರಿಗೆ ಕರ್ಕೊಂಡು ಹೋಗಿದ್ದೆ. ಸೊರಬ, ಸಾಗರ ದಾಟಿ ಹೋಗೋ ದಾರಿ. ಇಬ್ಬರು ಗೆಳೆಯರು ನೇರ ಅಲ್ಲಿಗೇ ಬಂದಿದ್ರು. ದೇವಿ ದರ್ಶನ ಆದ ಮರುದಿನ ಬೆಳಗ್ಗೆ ನಾವು ಮೂವರು ಕೊಡಚಾದ್ರಿ ಹತ್ತೋದು ಅಂತ ಪ್ಲಾನ್. 1,343 ಮೀಟರ್ ಎತ್ತರ, ಕಾಡಿನ ದಾರಿ. ಅಪ್ಪ ರೂಮಿನ ಕಟ್ಟೆ ಮೇಲೆ ಕೂತು ಕೇಳಿದ.

‘ಅಲ್ಲಿ ಸಾಲಾಗಿ ಜೀಪ್ ನಿಂತಾವಲ್ಲ, ಅವು ಎಲ್ಲಿಗೆ ಹೋಗ್ತಾವ?’

‘ಅದ ಗುಡ್ಡಕ್ಕ ಅಪ್ಪಾ. ಆದ್ರ ಜೀಪ್‌ನಾಗ ಹೋದ್ರ ಏನ್ ಮಜಾ ಐತಿ? ನಡದು ಹತ್ತಿದ್ರನ ಅದು’ ಅಂತ ಹೇಳಿ ಬೂಟಿನ ಲೇಸ್ ಕಟ್ಕೊಂಡೆ.

‘ಹೌದಪಾ’ ಅಂದ. ಅಷ್ಟೇ. ಸಂಜೆ ನಾವು ಇಳಿದು ಬಂದಾಗ ಅದೇ ಕಟ್ಟೆ ಮೇಲೆ ಕೂತಿದ್ದ. ನಾನು ಫೋನಲ್ಲಿ ಫೋಟೋ ತೋರಿಸಿದೆ. ಚಂದ ಐತಿ ಅಂದ. ನನಗೆ ಆಗ ಏನೂ ಅನ್ನಿಸಲಿಲ್ಲ.

ಈಗ ಬಾಲಿಗೆ ಬರೋಣ. ಬೆಂಗಳೂರಿಂದ ನೇರ ವಿಮಾನ ಇದೆ, ಏಳು ಗಂಟೆ ಹತ್ತಿರದ ಪ್ರಯಾಣ. ಅಪ್ಪ-ಅವ್ವನಿಗೆ ಇದು ಮೊದಲ ವಿಮಾನ. ‘ಬಿತ್ತಿಗಿ ಮುಂಚೆ ಊರಿಗೆ ಬಂದಿರಬೇಕು ನೋಡು’ ಅಂತ ಅಪ್ಪನ ಒಂದೇ ಶರತ್ತು. ಹಾಗಾಗಿ ಮೇ ಕೊನೆ. ಅಲ್ಲಿ ಇಳಿದ ಮೇಲೆ ವೀಸಾಗೆ ತಲಾ 5 ಲಕ್ಷ ರುಪಿಯಾ ಅಂದಾಗ ಅವ್ವ ಗಾಬರಿಯಾದ್ಲು. ಆಮೇಲೆ ಅಪ್ಪನ ಕೈಗೆ 1 ಲಕ್ಷದ ನೋಟು ಕೊಟ್ಟೆ. ಅದನ್ನ ಹಿಂದೆ ಮುಂದೆ ತಿರುಗಿಸಿ, ‘ಒಂದ ನೋಟಿನಾಗ ಲಕ್ಷಾಧಿಪತಿ ಮಾಡಿದ್ಯಲ್ಲೋ’ ಅಂತ ನಕ್ಕ.

ನನ್ನ ಪ್ಲಾನ್ ಹಳೇದೇ. ಅವರಿಬ್ಬರು ಉಬುದ್‌ನ ಹೋಟೆಲಲ್ಲಿ ಮಲಗಿರ್ತಾರೆ, ನಾನು ರಾತ್ರಿ ಎದ್ದು ಬಾತೂರ್ ಹತ್ತಿ ಬೆಳಗ್ಗೆ ವಾಪಸ್. ಬಾತೂರ್ 1,717 ಮೀಟರ್. ಸ್ಥಳೀಯ ಗೈಡ್ ಜೊತೆ ನಾಲ್ಕು ಗಂಟೆ ಹೊತ್ತಿಗೆ ಹೊರಟ್ರೆ ಎರಡು ತಾಸಿನ ಏರು. ನಮ್ಮ ಕುಮಾರ ಪರ್ವತ ಹತ್ತಿದವರಿಗೆ ಇದು ದೊಡ್ಡದಲ್ಲ. ಬುಕಿಂಗೂ ಆಗಿತ್ತು.

ಹಿಂದಿನ ರಾತ್ರಿ ಬ್ಯಾಗ್ ತುಂಬುವಾಗ ಅಪ್ಪ ಬಾಗಿಲಲ್ಲಿ ನಿಂತಿದ್ದ. ‘ಬೆಂಕಿ ಗುಡ್ಡ ಅಂದ್ರ ಒಳಗ ಇನ್ನೂ ಉರಿ ಐತೇನು?’ ಅಂತ ಕೇಳಿದ. ಐತಿ ಅಂದೆ. ‘ನೋಡ್ಕೊಂಡು ಬಾ. ನಾವು ಇಲ್ಲೇ ಇರ್ತೇವಿ’ ಅಂದ. ಧ್ವನಿಯಲ್ಲಿ ಬೇಜಾರು ಇರಲಿಲ್ಲ. ಅದೇ ನನಗೆ ಚುಚ್ಚಿತು. ಕೊಲ್ಲೂರಿನ ಕಟ್ಟೆ ನೆನಪಾಯ್ತು. ಟ್ರೆಕ್ ಕ್ಯಾನ್ಸಲ್ ಮಾಡಿದೆ, ಅರ್ಧ ದುಡ್ಡು ಹೋಯ್ತು. ಹೋಟೆಲಿನವರಿಗೆ ಹೇಳಿ ಮೂರು ಜನಕ್ಕೆ ಜೀಪ್ ಮಾಡಿಸಿದೆ.

ರಾತ್ರಿ ಮೂರಕ್ಕೆ ಕಾರು ಬಂತು. ಬಾಲಿ ನಮಗಿಂತ ಎರಡೂವರೆ ಗಂಟೆ ಮುಂದೆ, ಅಂದ್ರೆ ಹಾನಗಲ್ಲಲ್ಲಿ ಆಗ ಹನ್ನೆರಡೂವರೆ. ಒಂದು ತಾಸಿಗೂ ಹೆಚ್ಚು ಏರುದಾರಿಯಲ್ಲಿ ಹೋಗಿ ಕಿಂತಮಣಿ ಮುಟ್ಟಿದ್ವಿ. ಚಳಿ ಅಂದ್ರೆ ಚಳಿ. ಅವ್ವ ಸೀರೆ ಮೇಲೆ ನನ್ನ ಜಾಕೆಟ್, ತಲೆಗೆ ಶಾಲು. ಅಲ್ಲಿ ಟಾಪ್ ತೆಗೆದ ಒಂದು ಹಳೇ ಲ್ಯಾಂಡ್ ಕ್ರೂಸರ್ ನಿಂತಿತ್ತು. ಎಲ್ಲಾ ಜೀಪಲ್ಲ, ಆದ್ರೆ ಅಲ್ಲಿ ಎಲ್ಲದಕ್ಕೂ ಜೀಪ್ ಅಂತಾನೇ ಹೆಸರು. ಮೆಟ್ಟಿಲು ಎತ್ತರ. ಅಪ್ಪ ಹಿಂದೆ ಮುಂದೆ ನೋಡಿದ. ಡ್ರೈವರ್ ಅಣ್ಣ ಏನೂ ಹೇಳದೆ ಒಂದು ಪ್ಲಾಸ್ಟಿಕ್ ಸ್ಟೂಲ್ ತಂದಿಟ್ಟ, ತನ್ನ ಹೆಗಲು ಕೊಟ್ಟ. ಅಪ್ಪ ಮುಂದಿನ ಸೀಟಿಗೆ, ನಾನು ಅವ್ವ ಹಿಂದೆ.

ಆ ದಾರಿ ಹೇಗಿತ್ತು ಅಂದ್ರೆ, ಮಳೆಗಾಲದಲ್ಲಿ ಕಬ್ಬಿನ ಗದ್ದೆಗೆ ಟ್ರ್ಯಾಕ್ಟರ್ ಇಳಿಸಿದ ಹಾಗೆ. ಕಪ್ಪು ಬೂದಿ ಮಣ್ಣು, ಗುಂಡಿ, ಕಲ್ಲು. ಅವ್ವ ಕಂಬಿ ಹಿಡ್ಕೊಂಡು ದೇವರ ಹೆಸರು ಹೇಳ್ತಾ ಇದ್ಲು. ಅಪ್ಪ ಮಾತ್ರ ಗೇರ್ ನೋಡ್ತಾ ಇದ್ದ. ‘ಫೋರ್ ವ್ಹೀಲ್ ಹಾಕಿದ ನೋಡು’ ಅಂತ ಹಿಂದೆ ತಿರುಗಿ ಹೇಳಿದ. ಅರ್ಧ ತಾಸಿನಲ್ಲಿ ಒಂದು ಬಯಲಿಗೆ ಬಂದು ನಿಂತ್ವಿ.

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳ್ತೀನಿ: ಜೀಪು ತುದಿಗೆ ಹೋಗಲ್ಲ. ಬೆಟ್ಟದ ಮಗ್ಗುಲಲ್ಲಿ ಒಂದು ವ್ಯೂ ಪಾಯಿಂಟ್‌ವರೆಗೆ ಅಷ್ಟೇ. ಬಾಯಿಯ ಒಳಗೆ ಇಣುಕೋದು, ಬಿರುಕಿನಿಂದ ಬರೋ ಹಬೆಗೆ ಕೈ ಒಡ್ಡೋದು ಹತ್ತಿ ಹೋದವರಿಗೆ ಮಾತ್ರ. ನಮ್ಮ ಅಕ್ಕಪಕ್ಕ ಹತ್ತಾರು ಜೀಪು, ಎಲ್ಲರ ಕೈಲೂ ಫೋನು, ಯಾವುದೋ ಜೀಪಲ್ಲಿ ಹಾಡು ಬೇರೆ. ಮೇಲೆ ನೋಡಿದ್ರೆ ಕತ್ತಲಲ್ಲಿ ಹೆಡ್‌ಲ್ಯಾಂಪಿನ ಸಾಲು, ಇರುವೆ ಹೋದ ಹಾಗೆ ನಿಧಾನ ಏರ್ತಾ ಇತ್ತು. ಸುಳ್ಳು ಹೇಳಲ್ಲ, ಹೊಟ್ಟೆ ಉರೀತು. ನಾನು ಅಲ್ಲಿರಬೇಕಿತ್ತು ಅನ್ನಿಸ್ತು.

ಆರು ಗಂಟೆ ಹೊತ್ತಿಗೆ ಆಕಾಶ ಕೆಂಪಾಯ್ತು. ಮೊದಲು ಕಾಣಿಸಿದ್ದು ಕೆಳಗಿನ ಬಾತೂರ್ ಕೆರೆ. ಎದುರಿಗೆ ಅಬಾಂಗ್ ಬೆಟ್ಟ, ಅದರ ಹಿಂದೆ 3,000 ಮೀಟರ್ ಮೀರಿದ ಅಗುಂಗ್. ಆಗ ಗೊತ್ತಾಯ್ತು, ನಾವು ನಿಂತಿರೋದೇ ಒಂದು ದೊಡ್ಡ ಬಟ್ಟಲಿನ ಒಳಗೆ. ಸುಮಾರು 30,000 ವರ್ಷಗಳ ಹಿಂದೆ ಇಲ್ಲಿದ್ದ ಮಹಾ ಜ್ವಾಲಾಮುಖಿ ಸಿಡಿದು ಕುಸಿದು ಹತ್ತು ಕಿಲೋಮೀಟರ್‌ಗೂ ಹೆಚ್ಚು ಅಗಲದ ಈ ಬಟ್ಟಲು ಆಗಿದೆ. ಅದರ ನಡುವೆ ಆಮೇಲೆ ಎದ್ದದ್ದು ಈಗಿನ ಬಾತೂರ್. ಆರೂವರೆಗೆ ಸೂರ್ಯ ಬಂದ. ಎಲ್ಲರೂ ಜೀಪ್ ಹತ್ತಿ ಕೈ ಚಾಚಿ ಫೋಟೋ ತೆಗೆಸ್ಕೊಂಡ್ರು. ಅಪ್ಪ ಆ ಪ್ಲಾಸ್ಟಿಕ್ ಸ್ಟೂಲ್ ಮೇಲೆ ಕೂತು ಟೋಪಿ ತೆಗೆದು ಕೈ ಮುಗಿದ. ಊರಲ್ಲೂ ಹೊಲಕ್ಕೆ ಹೋದ ತಕ್ಷಣ ಹಾಗೇ ಮಾಡ್ತಾನೆ. ಆ ಫೋಟೋ ನಾನು ತೆಗೆಯಲಿಲ್ಲ, ಬಾನೆಟ್ ಮೇಲೆ ಕೂತು ನೋಡ್ತಾ ಇದ್ದೆ. ಹೆಡ್‌ಲ್ಯಾಂಪಿನ ಸಾಲು ಮರ್ತೇ ಹೋಗಿತ್ತು.

ತಿಂಡಿಗೆ ಕೊಟ್ಟಿದ್ದು ಬೇಯಿಸಿದ ಮೊಟ್ಟೆ, ಬಾಳೆಹಣ್ಣಿನ ಸ್ಯಾಂಡ್‌ವಿಚ್. ನಮ್ಮನೆಯಲ್ಲಿ ಮೊಟ್ಟೆ ನಡೆಯಲ್ಲ. ಅವ್ವ ಚೀಲದಿಂದ ಖಡಕ್ ರೊಟ್ಟಿ, ಶೇಂಗಾ ಚಟ್ನಿ ತೆಗೆದು ಬಾನೆಟ್ ಮೇಲೆ ಹರವಿದ್ಲು. ಡ್ರೈವರ್ ಅಣ್ಣನಿಗೂ ಕೊಟ್ಲು. ಆತ ನಮ್ಮ ಬ್ಯಾಡಗಿ ಖಾರ ತಿಂದು ಕಣ್ಣಲ್ಲಿ ನೀರು ತಂದ್ಕೊಂಡು, ಇನ್ನೊಂದು ಚೂರು ಕೇಳಿ ಹಾಕಿಸ್ಕೊಂಡ.

ವಾಪಸ್ ಬರುವಾಗ ಬ್ಲ್ಯಾಕ್ ಲಾವಾ ಅನ್ನೋ ಜಾಗ. 1963 ಮತ್ತು 1974ರಲ್ಲಿ ಹರಿದ ಲಾವಾ ಹೆಪ್ಪುಗಟ್ಟಿ ಕರೀ ಕಲ್ಲಿನ ಸಮುದ್ರ ಆಗಿದೆ. ಬಾತೂರ್ ಕೊನೇ ಸಲ ಉಗುಳಿದ್ದು 2000ದಲ್ಲಿ. ಅಪ್ಪ ಒಂದು ಕಲ್ಲು ಎತ್ತಿ ನೋಡಿದ. ತೂತು ತೂತು, ಹಗುರ.

‘ಇದು ಮಣ್ಣಾಗಿ ಬೆಳಿ ಬರಾಕ ಎಷ್ಟು ವರ್ಷ ಬೇಕು?’

ಇಂಜಿನಿಯರಿಂಗ್ ಓದಿದ ನನಗೆ ಹೊಳೆಯದ ಪ್ರಶ್ನೆ ಅದು. ನನಗೆ ಗೊತ್ತಿದ್ದದ್ದು ಇಷ್ಟೇ: ನಮ್ಮ ಬೆಳಗಾವಿ, ವಿಜಯಪುರದ ಕಡೆಯ ಕರೀ ಕಲ್ಲೂ 6.6 ಕೋಟಿ ವರ್ಷಗಳ ಹಿಂದೆ ಹೀಗೇ ಹರಿದ ಲಾವಾ, ಅದು ಸವೆದು ಆದದ್ದೇ ಅಲ್ಲಿನ ಎರೆ ಮಣ್ಣು. ಹೇಳಿದೆ. ಅಪ್ಪ ಸುಮ್ನೆ ಕೆಳಗೆ ಕೈ ತೋರಿಸಿದ. ಕೆರೆಯ ದಂಡೆ ಉದ್ದಕ್ಕೂ ಹಸಿರು ಮಡಿಗಳು. ಟೊಮೆಟೊ, ಕೋಸು, ಸಣ್ಣ ಕೆಂಪು ಉಳ್ಳಾಗಡ್ಡಿ. ಡ್ರೈವರ್ ಅಣ್ಣನದೂ ಅಲ್ಲಿ ಉಳ್ಳಾಗಡ್ಡಿ ಹೊಲ ಇತ್ತು. ಟ್ರಾನ್ಸ್‌ಲೇಟ್ ಆ್ಯಪ್‌ಗೆ ಅಪ್ಪನ ಹಾನಗಲ್ ಕನ್ನಡ ತಿಳಿಯಲಿಲ್ಲ. ನಾನು ಟೈಪ್ ಮಾಡ್ತಾ ಹೋದೆ. ರೇಟು, ರೋಗ, ನೀರು. ಅರ್ಧ ತಾಸು ಇಬ್ಬರೂ ಅದೇ ಮಾತು.

ನೀರಿನ ಮಾತಿಗೆ ಬಂದಾಗ ಆತ ಬಟ್ಟಲಿನ ಅಂಚಿನ ಮೇಲೆ ಕಾಣೋ ಗುಡಿ ಕಡೆ ಕೈ ತೋರಿಸಿದ. ಪುರ ಉಲುನ್ ದಾನು ಬಾತೂರ್, ಕೆರೆ ದೇವಿ ದೇವಿ ದಾನುವಿನ ಗುಡಿ. ಮೊದಲು ಅದು ಕೆಳಗೆ ಇತ್ತು. 1926ರ ಆಗಸ್ಟ್‌ನಲ್ಲಿ ಲಾವಾ ಬಂದು ಊರನ್ನೂ ಗುಡಿಯನ್ನೂ ಮುಚ್ಚಿತು. ಜನ ಮೇಲೆ ಬಂದು ಊರು ಕಟ್ಟಿದ್ರು, ದೇವಿಯ ಗುಡಿಯನ್ನೂ ಕಟ್ಟಿದ್ರು. ಈ ಕೆರೆಯಿಂದ ಹೊರಗೆ ಹರಿಯೋ ಹೊಳೆ ಇಲ್ಲ. ಆದ್ರೆ ಕೆಳಗಿನ ಸೀಮೆಯ ಊಟೆಗಳಲ್ಲಿ ಉಕ್ಕೋದು ಈ ದೇವಿಯ ನೀರೇ ಅಂತ ಭತ್ತದ ರೈತರ ನಂಬಿಕೆ. ಸುಬಾಕ್ ಅನ್ನೋ ಅವರ ಸಂಘಗಳು ಒಂಬತ್ತನೇ ಶತಮಾನದಿಂದ ಇವೆ. ಯಾರ ಗದ್ದೆಗೆ ಯಾವಾಗ ನೀರು, ಯಾವಾಗ ನಾಟಿ ಅಂತ ನೀರಿನ ಗುಡಿಗಳಲ್ಲಿ ಕೂಡಿ ತೀರ್ಮಾನ ಮಾಡ್ತಾರೆ. 1970ರ ದಶಕದಲ್ಲಿ ಅದನ್ನ ಬಿಟ್ಟು ವರ್ಷಪೂರ್ತಿ ಭತ್ತ ಬೆಳೀರಿ ಅಂತ ಹೇಳಿದಾಗ ಕೀಟಬಾಧೆ ವಿಪರೀತ ಆಯ್ತಂತೆ. 2012ರಲ್ಲಿ ಸುಬಾಕ್ ಪದ್ಧತಿ ಯುನೆಸ್ಕೋ ವಿಶ್ವ ಪರಂಪರೆ ಪಟ್ಟಿಗೆ ಸೇರಿದೆ.

ಇದನ್ನೆಲ್ಲ ಓದಿ ಹೇಳಿದಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ನಮ್ಮದು ಕೆರೆ ಸೀಮೆ. ಪಕ್ಕದ ಹಿರೇಕೆರೂರಿಗೆ ಹೆಸರಲ್ಲೇ ಕೆರೆ ಇದೆ. ನಮ್ಮ ಗದ್ದೆ ಊರ ಕೆರೆಯ ತೂಬಿನಿಂದ ಕಟ್ಟಕಡೆಯದು. ಬರದ ವರ್ಷ ನೀರು ನಮ್ಮ ಬದುವಿಗೆ ಬರೋ ಮೊದಲೇ ಬತ್ತಿರುತ್ತೆ. ‘ಮ್ಯಾಲಿನವ ಕೆಳಗಿನವನ್ನ ನೆನಸೂಹಂಗ ಮಾಡ್ಯಾರ ನೋಡು. ಶ್ಯಾಣ್ಯಾರು’ ಅಂದ. ತುದಿಗೆ ಹೋಗಿದ್ರೆ ಈ ಮಾತು ನನಗೆ ಸಿಕ್ತಿರಲಿಲ್ಲ.

ನೀವೂ ಮನೆಯವರನ್ನ ಕರ್ಕೊಂಡು ಹೋಗೋದಾದ್ರೆ ಕೆಲವು ಮಾತು. ಏಪ್ರಿಲ್‌ನಿಂದ ಅಕ್ಟೋಬರ್ ಒಣ ಹವೆ, ಸೂರ್ಯ ಕಾಣೋ ಸಾಧ್ಯತೆ ಹೆಚ್ಚು. ಜಾಕೆಟ್ ಬೇಕೇ ಬೇಕು. ಹಿರಿಯರಿಗೆ ಮುಂದಿನ ಸೀಟು ಕೇಳಿ ಪಡೀರಿ. ಮೊಣಕಾಲಿಗೆ ಜೀಪು ಸರಿ, ಆದ್ರೆ ಬೆನ್ನು ನೋವಿದ್ರೆ, ಗರ್ಭಿಣಿಯರಿದ್ರೆ ಬೇಡ. ಆ ಕುಲುಕಾಟ ತಮಾಷೆಯಲ್ಲ. ಅವರಿಗೆ ಕಿಂತಮಣಿ ರಸ್ತೆ ಬದಿಯಿಂದಲೇ ಇಡೀ ಬಟ್ಟಲು ಚೆನ್ನಾಗಿ ಕಾಣುತ್ತೆ. ನಿಮ್ಮ ಕಾಲು ಗಟ್ಟಿ ಇದ್ದು ಒಬ್ಬರೇ ಹೋಗೋದಾದ್ರೆ ನಡೆದೇ ಹತ್ತಿ. ನಾನೂ ಇನ್ನೊಂದು ಸಲ ಹೋದ್ರೆ ಹತ್ತುತ್ತೀನಿ.

ಕೊನೆಗೆ ಕೆರೆ ದಂಡೆಯ ತೋಯಾ ಬುಂಗ್ಕಾದಲ್ಲಿ ಬಿಸಿನೀರಿನ ಕೊಳಕ್ಕೆ ಹೋದ್ವಿ. ಜ್ವಾಲಾಮುಖಿಯೇ ಕಾಯಿಸಿ ಕೊಡೋ ನೀರು. ಅಪ್ಪ ಲುಂಗಿ ಎತ್ತಿ ಕಟ್ಟಿ ಮೊಣಕಾಲು ಮುಳುಗೋವರೆಗೆ ಇಳಿದು ಕೂತ. ಅವ್ವ ದಂಡೆಯಲ್ಲಿ ಕಾಲು ಇಳಿಬಿಟ್ಟಿದ್ಲು. ಎದುರಿಗೆ ಕೆರೆ, ಮಂಜು ಕರಗ್ತಾ ಇತ್ತು.

‘ತಮ್ಮಾ’ ಅಂದ ಅಪ್ಪ, ನೀರು ನೋಡ್ತಾನೇ. ‘ಕೊಡಚಾದ್ರಿಗೂ ಇಂಥಾವ ಜೀಪ್ ಹೋಗ್ತಾವಲ್ಲ?’

ಮೂರು ವರ್ಷ ಆತ ಅದನ್ನ ಮರೆತಿರಲಿಲ್ಲ. ‘ಹೋಗ್ತಾವ ಅಪ್ಪಾ’ ಅಂದೆ. ಬೇರೆ ಮಾತು ಬಾಯಿಗೆ ಬರಲಿಲ್ಲ.

‘ಭತ್ತ ಕೊಯ್ದ ಮ್ಯಾಲ ಹೋಗೂಣು ಹಂಗಾರ’ ಅಂದ. ಡಿಸೆಂಬರ್ ಎರಡನೇ ವಾರಕ್ಕೆ ರಜೆ ಹಾಕಿದ್ದೀನಿ. ಸ್ಟೂಲ್ ಮಾತ್ರ ಮನೆಯಿಂದಲೇ ಒಯ್ಯಬೇಕು ಅಂತ ಅವ್ವ ಈಗಲೇ ತೆಗೆದಿಟ್ಟಿದ್ದಾಳೆ.